ಅಂಗೈಯ ಅರ್ಧ

ಲಿಂಗ ಅರ್ಧ ಮಾತ್ರ ಕೈಯಲ್ಲಿತ್ತು. ಕಣ್ಣಿಗೇನೋ ಪೂರ್ತಿ ಕಾಣುತ್ತಿತ್ತು: ಎಡ ಅಂಗೈಯ ನಡುವೆ, ಆಗಷ್ಟೇ ಎರೆದ ನೀರಿಗೆ ಕಪ್ಪಗೆ ಹೊಳೆಯುತ್ತ, ನೆತ್ತಿಯ ಮೇಲೊಂದು ಪತ್ರೆ ಹೊತ್ತು ಕೂತಿತ್ತು. ಆದರೆ ಕೈಗೆ ತಿಳಿಯುತ್ತಿದ್ದದ್ದು ಅರ್ಧವೇ. ಹೆಬ್ಬೆರಳಿನ ಕಡೆಗೆ ತಣ್ಣನೆಯ ಭಾರ, ಕಿರುಬೆರಳಿನ ಕಡೆಗೆ ಏನೂ ಇಲ್ಲ. ಅಲ್ಲಿ ಅಂಗೈ ಇದೆಯೆಂಬುದಕ್ಕೆ ಕಣ್ಣೇ ಸಾಕ್ಷಿ ಹೇಳಬೇಕಾಗಿತ್ತು. ಪ್ರಭುದೇವ ಕಿರುಬೆರಳನ್ನು ಅಲ್ಲಾಡಿಸಿ ನೋಡಿದ. ಅಲ್ಲಾಡಿತು, ಆದರೆ ಪಕ್ಕದ ಮನೆಯವರ ಬೆರಳು ಅಲ್ಲಾಡಿದ ಹಾಗೆ. ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ಅರ್ಧ ಆಯುಸ್ಸು ಜೀವಶಾಸ್ತ್ರ ಪಾಠ ಮಾಡಿ, ನರಕೋಶದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬಿಡಿಸಬಲ್ಲ ಮನುಷ್ಯನಿಗೆ ಇದೇನೆಂದು ತಿಳಿಯದ ವಿಷಯವಲ್ಲ. ಮೊಣಕೈಯ ಒಳಬದಿಯಲ್ಲಿ, ಚರ್ಮದ ಕೆಳಗೇ, ಕಿರುಬೆರಳಿಗೆ ಹೋಗುವ ನರ ಹಾದುಹೋಗುತ್ತದೆ. ಬಾಗಿಲಿಗೆ ತಗುಲಿದರೆ ಜುಮ್ಮೆನ್ನಿಸಿ ಕಣ್ಣಲ್ಲಿ ನೀರು ತರಿಸುವುದು ಅದೇ. ಅದನ್ನು ಏನೋ ಅದುಮಿದೆ, ಅಷ್ಟೇ. ಆದರೆ ಇದೆಲ್ಲ ತಿಳಿದದ್ದು ತಲೆಗೆ. ಹೊಟ್ಟೆಯೊಳಗೆ ಬೇರೆಯೇ ಒಂದು ಮಾತು ಕೂತಿತ್ತು. ನೀನು ಲಿಂಗವನ್ನು ಬಿಟ್ಟೆ, ಈಗ ಲಿಂಗ ನಿನ್ನನ್ನು ಬಿಡುತ್ತಿದೆ, ಮೊದಲು ಕಿರುಬೆರಳಿನ ಕಡೆಯಿಂದ ಶುರುಮಾಡಿದೆ ಎಂದು ಅದು ಹೇಳುತ್ತಿತ್ತು.

ಯಾಕೆಂದರೆ ಅವನ ಬಲಗೈಯಲ್ಲಿ ಫೋನಿತ್ತು. ಸದ್ದು ಅಡಗಿಸಿದ ಫೋನು. ಅದರೊಳಗೆ ಯಾವುದೋ ದೇಶದ ಬೋಳುತಲೆಯ ಒಬ್ಬ ತುಕ್ಕು ಹಿಡಿದ ಬೀಗವೊಂದನ್ನು ಬಿಚ್ಚಿ, ಎಣ್ಣೆಯಲ್ಲಿ ನೆನೆಸಿ, ಉಜ್ಜಿ ಉಜ್ಜಿ ಹೊಸದರಂತೆ ಮಾಡುತ್ತಿದ್ದ. ಇಂಥವನ್ನು ನೋಡುತ್ತಿದ್ದರೆ ಪ್ರಭುದೇವನಿಗೆ ಮನಸ್ಸು ಹಗುರಾಗುತ್ತಿತ್ತು. ಶುರುವಾದದ್ದು ಕಾಲೇಜಿನ ವಾಟ್ಸಾಪ್ ಗುಂಪಿನಿಂದ. ಪರೀಕ್ಷೆಯ ಡ್ಯೂಟಿ ಯಾರಿಗೆ ಬಿತ್ತೆಂದು ಒಂದು ಬೆಳಿಗ್ಗೆ ಪೂಜೆಯ ನಡುವೆ ಒಂದೇ ಒಂದು ಸಲ ಇಣುಕಿದ್ದ. ಒಂದು ಸಲ ಎರಡಾಯಿತು, ಗುಂಪಿನ ಜಗಳ ರುಚಿ ಹತ್ತಿತು, ಜಗಳ ಮುಗಿದ ಮೇಲೆ ಬೀಗ ಬಂತು. ಮೊದಲು ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದ ಪೂಜೆ ಮುಕ್ಕಾಲು ಗಂಟೆಗೆ ಬೆಳೆಯಿತು. ಅಷ್ಟು ಹೊತ್ತು ಕೈ ಎತ್ತಿ ಹಿಡಿಯುವುದು ಸಾಧ್ಯವೇ? ಪಕ್ಕದಲ್ಲಿ ಪೂಜಾ ಸಾಮಾನಿನ ಹಳೇ ಮರದ ಪೆಟ್ಟಿಗೆ ಇತ್ತು; ಅದರ ಅಂಚಿನ ಮೇಲೆ ಎಡ ಮೊಣಕೈ ಊರಿದರೆ ಹಾಯಾಗಿತ್ತು. ಹೊರಗೆ ಹಾಲ್‌ನಲ್ಲಿ ಅವನ ತಾಯಿ ಕರಿಬಸಮ್ಮ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು. ಎದುರಿನ ಗೋಡೆಗೆ ತೂಗುಹಾಕಿದ ಗುರುಗಳ ಫೋಟೋದ ಗಾಜಿನಲ್ಲಿ ಅವ್ವನ ಬಿಳಿ ತಲೆ ಕಾಣುತ್ತಿತ್ತು. ಆ ತಲೆ ಬಗ್ಗಿದ್ದರೆ ಫೋನು, ಎದ್ದರೆ ಲಿಂಗ. ಇಷ್ಟು ಜಾಣತನವನ್ನು ಕಾಲೇಜಿನಲ್ಲಿ ತೋರಿಸಿದ್ದರೆ ಪ್ರಿನ್ಸಿಪಾಲ್ ಆಗಿರುತ್ತಿದ್ದ.

ಇದರ ಫಲವಾಗಿ ಅವನಿಗೆ ಬಂದದ್ದು ಕೀರ್ತಿ. ಉಪ್ಪಾರಹಳ್ಳಿಯ ಅವರ ಬೀದಿಯಲ್ಲಿ ಹಾಲು ತರಲು ಹೋದರೂ ಜನ ಸರಿದು ದಾರಿ ಬಿಡುತ್ತಿದ್ದರು. ಹೆಂಡತಿ ದಾಕ್ಷಾಯಿಣಿ ಕುಣಿಗಲ್‌ನ ತನ್ನ ತವರಿಗೆ ಫೋನ್ ಮಾಡಿ, "ನಮ್ಮನೆಯವ್ರು ಈಗ ಪೂಜೇಲಿ ಇದಾರೆ, ಇನ್ನೂ ಅರ್ಧಗಂಟೆ ಏಳಲ್ಲ" ಎನ್ನುವಾಗ ಅವಳ ದನಿಯಲ್ಲೊಂದು ಕೊಬ್ಬು ಕೇಳಿಸುತ್ತಿತ್ತು. ಅದನ್ನು ಕೇಳಿದಾಗೆಲ್ಲ ಪ್ರಭುದೇವನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದ ಮೇಲೆ ಇನ್ನೊಂದು ಬೀಗ ನೋಡುತ್ತಿದ್ದ. ಈಗ ಆ ಕೀರ್ತಿ ಗುಬ್ಬಿಯವರೆಗೂ ಹೋಗಿ ಅವನ ಕತ್ತಿಗೆ ಬಂದಿತ್ತು. ಇವತ್ತು ಸಂಜೆ ಗುಬ್ಬಿಯಲ್ಲಿ ಸಾಮೂಹಿಕ ಇಷ್ಟಲಿಂಗ ಪೂಜೆ. ನಡೆಸುವವರು ಸೋದರಮಾವ ಮಹಾದೇವಯ್ಯನವರು. ವೇದಿಕೆಯ ಮೇಲೆ ಎಲ್ಲರಿಗೂ ಕಾಣುವಂತೆ ಮುಂದೆ ಕೂತು ಪೂಜೆ ಮಾಡಿ ತೋರಿಸಬೇಕಾದವನು ಪ್ರಭುದೇವ. ಅಲ್ಲಿ ಪೆಟ್ಟಿಗೆ ಇರುವುದಿಲ್ಲ. ಅರ್ಧ ಸತ್ತ ಈ ಕೈ, ಊರೆಲ್ಲ ನೋಡುತ್ತಿರುವಾಗ, ಲಿಂಗವನ್ನು ಕೆಳಗೆ ಹಾಕಿಬಿಟ್ಟರೆ? ಅದನ್ನು ಯೋಚಿಸುವಾಗಲೇ ಸೊರಗಿದ ಕಿರುಬೆರಳು, ಉಂಗುರಬೆರಳು ಎರಡೂ ಸದ್ದಿಲ್ಲದೆ ಕೆಳಗೆ ಬಾಗಿದವು. ಪತ್ರೆ ಜಾರಿತು. ಅದರ ಹಿಂದೆ ಲಿಂಗವೂ ವಾಲಿತು. ಠಣ್ ಎಂದು ಹಿತ್ತಾಳೆ ತಟ್ಟೆ ಸದ್ದು ಮಾಡಿತು.

"ಏನ್ಲಾ ಅದು ಸದ್ದು?" ಹಾಲ್‌ನಿಂದ ಅವ್ವ ಕೇಳಿದಳು.

"ಗಂಟೆ ಕಣವ್ವ."

"ಪೂಜೆ ನಡುವೆ ಯಾವ ಗಂಟೇನಪ್ಪ?" ಎಂದಳು ಅವ್ವ. ಮತ್ತೆ ಬತ್ತಿ ಹೊಸೆದಳು.

ಬಿದ್ದದ್ದು ಫೋನು. ಲಿಂಗ ಅವನ ಬಲಗೈಯಲ್ಲಿತ್ತು. ಪ್ರಭುದೇವ ಬಲಗೈಯನ್ನೇ ನೋಡುತ್ತ ಕೂತ. ಯಾರು ಹೇಳಿದರು ಇದಕ್ಕೆ? ಬಿಸಿ ಬಾಣಲೆ ತಗುಲಿದಾಗ ಕೈ ಹಿಂದಕ್ಕೆ ಬರುತ್ತದಲ್ಲ, ಅದು ಮಿದುಳನ್ನು ಕೇಳುವುದಿಲ್ಲ. ಬೆನ್ನುಹುರಿಯೇ ಅಲ್ಲಿಂದಲ್ಲಿಗೆ ತೀರ್ಪು ಕೊಟ್ಟು ಕಳಿಸುತ್ತದೆ. ಆದರೆ ಜಾರುವುದನ್ನು ಕಂಡು ಹಿಡಿಯುವುದು ಬೆನ್ನುಹುರಿಯ ಕೆಲಸವಲ್ಲ. ಕಣ್ಣು ನೋಡಬೇಕು, ಸುದ್ದಿ ಮಿದುಳಿಗೆ ಹೋಗಬೇಕು, ಫೋನ್ ಬಿಡು ಎಂದು ಒಂದು ಅಪ್ಪಣೆ, ಅದನ್ನು ಹಿಡಿ ಎಂದು ಇನ್ನೊಂದು ಅಪ್ಪಣೆ, ಭುಜ, ಮೊಣಕೈ, ಬೆರಳು. ಅಂದರೆ ಒಳಗೆ ಕೂತ ಯಾರೋ ಯೋಚಿಸಿದ್ದಾರೆ. ಅವನಂತೂ ಯೋಚಿಸಿದ ನೆನಪಿಲ್ಲ. ಅವನನ್ನು ಕೇಳಿದ್ದರೆ, ಮೊನ್ನೆ ತಾನೇ ಕೊಂಡ ಫೋನು, ಒಂದು ಗಳಿಗೆ ಹಿಂದೆಮುಂದೆ ನೋಡುತ್ತಿದ್ದನೋ ಏನೋ. ಆ ಯಾರೋ ಒಬ್ಬನ ಮೇಲೆ ಅವನಿಗೆ ತುಂಬ ಗೌರವ ಹುಟ್ಟಿತು. ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡ. ಆಮೇಲೆ ಫೋನಿನ ಗಾಜು ಒಡೆದಿದೆಯೇ ಎಂದು ನೋಡಿದ. ಒಡೆದಿರಲಿಲ್ಲ. ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ಬೇಸರವಾಯಿತು.

ಕಾಲೇಜಿನಲ್ಲಿ ಅಂದು ನರಮಂಡಲದ ಪಾಠವೇ ಇರಬೇಕೆ. ಪ್ರತಿ ವರ್ಷ ಈ ಪಾಠಕ್ಕೆ ಅವನದೊಂದು ಆಟವಿತ್ತು. ಇಡೀ ಕ್ಲಾಸನ್ನು ಸಾಲಾಗಿ ಕೈ ಹಿಡಿದು ನಿಲ್ಲಿಸುವುದು. ಮೊದಲನೆಯವನು ಪಕ್ಕದವನ ಕೈ ಅದುಮಬೇಕು, ಅವನು ಅವನ ಪಕ್ಕದವನದು, ಹೀಗೆ ಬಂದು ಕೊನೆಯಲ್ಲಿ ನಿಂತ ಮೇಷ್ಟ್ರ ಕೈಗೆ ಮುಟ್ಟಿದಾಗ ಮೇಷ್ಟ್ರು "ಬಂತು!" ಎಂದು ಕೂಗಬೇಕು. ನಿಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ನರಕೋಶ, ನೋಡಿ ಎಷ್ಟು ಬೇಗ ಸುದ್ದಿ ಬಂತು ಎಂದು ಹೇಳುವ ಹೊತ್ತಿಗೆ ಹುಡುಗರಿಗೆ ಖುಷಿಯೋ ಖುಷಿ. ಇವತ್ತೂ ಸಾಲು ನಿಂತಿತು. ಅವನ ಎಡಕ್ಕೆ ನಿಂತವಳು ಇಂಪನಾ, ಹೆಚ್ಚು ಮಾತಾಡದ ಹುಡುಗಿ. ಮೇಷ್ಟ್ರ ಕೈಯನ್ನು ಪೂರ್ತಿ ಹಿಡಿಯಲು ಸಂಕೋಚಪಟ್ಟು ಕೊನೆಯ ಎರಡು ಬೆರಳನ್ನಷ್ಟೇ ಹಿಡಿದುಕೊಂಡಳು. ಆಚೆ ತುದಿಯಲ್ಲಿ ಒಬ್ಬ ಅದುಮಿದ. ನಗು, ಪಿಸುಮಾತು ಸಾಲಿನುದ್ದಕ್ಕೂ ಬಂದು ಇಂಪನಾಳ ಹತ್ತಿರ ನಿಂತುಹೋಯಿತು. ಪ್ರಭುದೇವ ಕಾಯುತ್ತ ನಿಂತ. ಕ್ಲಾಸೂ ಕಾಯಿತು. ಯಾರೋ ತಪ್ಪು ಮಾಡಿದ್ದಾರೆ, ಮತ್ತೆ ಮೊದಲಿಂದ ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಇಂಪನಾ ಅಳು ಬರುವಂಥ ದನಿಯಲ್ಲಿ, "ಸರ್, ಬಂದು ಎಷ್ಟೊತ್ತಾಯ್ತು ಸರ್. ಮೂರು ಸಲ ಅದುಮ್ದೆ" ಎಂದಳು. ನೋಡಿದರೆ ಅವಳ ಕೈಯೊಳಗೆ ಅವನ ಕಿರುಬೆರಳು ಹಿಂಡಿಹೋಗಿ ಬೆಳ್ಳಗಾಗಿತ್ತು. ಕ್ಲಾಸು ಗೊಳ್ಳೆಂದಿತು. ಹಿಂದಿನ ಬೆಂಚಿನಿಂದ, "ಸರ್‌ಗೆ ನೆಟ್‌ವರ್ಕ್ ಇಲ್ಲ ಕಣ್ರೋ" ಎಂದು ಯಾರೋ ಅಂದರು. ಅವನೂ ನಕ್ಕ. ಮುಖವೆಲ್ಲ ಬಿಸಿಯಾಗಿತ್ತು.

ನಗು ಇಳಿದ ಮೇಲೆ, ಮುಖ ಮರೆಸಿಕೊಳ್ಳಲು ಬೋರ್ಡಿನ ಕಡೆ ತಿರುಗಿ ಎರಡು ನರಕೋಶ ಬಿಡಿಸಿದ. ನೀವು ಕೈ ಕೈ ಹಿಡಿದು ನಿಂತಿರಿ, ಅದು ಸುಳ್ಳು, ಎಂದ. ನರಕೋಶಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಒಂದು ಕೋಶದ ಬಾಲ ಇನ್ನೊಂದರ ಹತ್ತಿರ ಬಂದು, ಹತ್ತಿರವೆಂದರೆ ಹತ್ತಿರ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ, ಅಲ್ಲಿ ನಿಂತುಬಿಡುತ್ತದೆ. ಕೋಶದೊಳಗೆ ಸುದ್ದಿ ವಿದ್ಯುತ್ತಾಗಿ ಓಡಿಬರುತ್ತದೆ. ದಡಕ್ಕೆ ಬಂದಾಗ ಓಡಲು ದಾರಿಯಿಲ್ಲ. ಆಗ ಆ ತುದಿಯಲ್ಲಿರುವ ಪುಟ್ಟ ಪುಟ್ಟ ಚೀಲಗಳು ಒಡೆದು ಒಂದು ರಸ ಬಿಡುತ್ತವೆ. ರಸ ಆಚೆ ದಡಕ್ಕೆ ತೇಲಿಹೋಗಿ ಅಲ್ಲಿ ತನಗೆಂದೇ ಇರುವ ಬೀಗದಲ್ಲಿ ಕೂರುತ್ತದೆ. ಬೀಗ ಎಂದಾಗ ನಾಲಗೆ ಒಂದು ಕ್ಷಣ ತಡವರಿಸಿತು. ಆಚೆಯ ಕೋಶ ಹಾಗೆ ಬಂದ ಎಲ್ಲವನ್ನೂ ಕೂಡಿ ಕಳೆದು, ಸಾಕಷ್ಟಾಯಿತು ಎನ್ನಿಸಿದರೆ ಮಾತ್ರ ತಾನೂ ಕೂಗುತ್ತದೆ. ಕೂಗಿದರೆ ಪೂರ್ತಿ ಕೂಗು, ಇಲ್ಲದಿದ್ದರೆ ಪೂರ್ತಿ ಮೌನ. ಅರ್ಧ ಕೂಗು ಅವುಗಳಲ್ಲಿ ಇಲ್ಲ.

"ಸರ್, ಮುಟ್ಕೊಂಡಿದ್ರೆ ಸುಲಭ ಆಗ್ತಿತ್ತಲ್ವಾ?" ಇಂಪನಾ ಕೇಳಿದಳು. ಬೆರಳು ಹಿಂಡಿದ ಧೈರ್ಯ ಇನ್ನೂ ಇಳಿದಿರಲಿಲ್ಲ. "ಮಧ್ಯ ಜಾಗ ಯಾಕೆ ಸರ್ ಬಿಟ್ಟಿರೋದು?"

"ಎಲ್ಲಾ ಮುಟ್ಕೊಂಡಿದ್ರೆ ಒಬ್ಬ ಕೂಗಿದ್ರೆ ಎಲ್ಲರೂ ಕೂಗ್ಬೇಕಾಗ್ತಿತ್ತು ಕಣಮ್ಮ. ಬರೀ ಗಲಾಟೆ. ಜಾಗ ಇರೋದ್ರಿಂದ್ಲೇ ಕೇಳೋನು ಕೇಳ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋಕಾಗೋದು."

"ಆಚೆ ಕಡೆ ಅದಕ್ಕೆ ಸರಿಯಾದ ಬೀಗ ಇಲ್ದಿದ್ರೆ ಸರ್?"

"ಆಗ ಈಚೆಯೋನು ಎಷ್ಟು ರಸ ಸುರಿದ್ರೂ ಅಷ್ಟೇ. ಸುದ್ದಿ ದಾಟಲ್ಲ" ಎಂದ ಪ್ರಭುದೇವ. ಗಂಟೆ ಹೊಡೆಯಿತು. ಇದು ನಿಜವಾದ ಗಂಟೆ.

ಮಧ್ಯಾಹ್ನ ಅವನನ್ನು ಬಟವಾಡಿಯ ನರರೋಗದ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದವಳು ದಾಕ್ಷಾಯಿಣಿ. ಊಟಕ್ಕೆ ಕೂತಾಗ ಸಾರಿನ ಬಟ್ಟಲು ಅವನ ಎಡಗೈಯಿಂದ ಜಾರಿದ್ದೇ ನೆಪವಾಯಿತು. ಹೇಗೂ ಅಲ್ಲಿಂದ ಹಾಗೇ ಗುಬ್ಬಿಗೆ ಹೋಗುವುದಲ್ಲ ಎಂದು ಅವ್ವನೂ ಇಳಕಲ್ ಸೀರೆ ಉಟ್ಟು, ಹಣೆತುಂಬ ವಿಭೂತಿ ಇಟ್ಟು ಕಾರು ಹತ್ತಿದಳು. ಹೀಗಾಗಿ ಡಾಕ್ಟರ ಎದುರು ಮೂವರೂ ಸಾಲಾಗಿ ಕೂತರು. ಡಾಕ್ಟರು ಗುರುಪ್ರಕಾಶ್ ಎಂಬ ಎಳೆಯ ಮುಖದವರು. ಅವರು ಕಾಯಿಲೆ ಕೇಳುವ ಮೊದಲೇ ದಾಕ್ಷಾಯಿಣಿ, ಡಾಕ್ಟರು ಕುಣಿಗಲ್ ಕಡೆಯವರೆಂದೂ, ಅವರ ಅತ್ತೆ ತನ್ನ ಅಕ್ಕನ ಜೊತೆ ಓದಿದವರೆಂದೂ ಹೊರತೆಗೆದಿದ್ದಳು. ಆಮೇಲೆ ಕೈಯ ಸರದಿ ಬಂತು. ಕಿರುಬೆರಳಿಗೆ ಒಂದು ಉಂಗುರದಂಥದ್ದು ಸುತ್ತಿ, ಮಣಿಕಟ್ಟಿಗೆ ಸಣ್ಣದೊಂದು ಕರೆಂಟು ಕೊಟ್ಟರು. ಅವನು ಹೇಳದೆಯೇ ಬೆರಳು ಎಗರಿತು. "ಅಯ್ಯೋ ಶಿವನೇ, ತಾನೇ ಕುಣೀತದಲ್ಲ!" ಎಂದು ಅವ್ವ ಬಾಯಿ ಮೇಲೆ ಸೆರಗಿಟ್ಟು ನಕ್ಕಳು. ಪ್ರಭುದೇವನಿಗೂ ನಗು ಬಂತು. ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದು ತನ್ನದೇ ಕೈಯಲ್ಲಿ ಓಡುತ್ತಿದೆ, ಪರದೆಯ ಮೇಲೆ ಗುಡ್ಡದಂತೆ ಏಳುತ್ತಿದೆ. ಕೊರಳ ಹತ್ತಿರ ಬೇರು, ಕಿರುಬೆರಳಲ್ಲಿ ತುದಿ. ನಡುವೆ ಒಂದೇ ಒಂದು ಕೋಶದ ಎಳೆ, ತೋಳಿನಷ್ಟು ಉದ್ದ. ಮಣಿಕಟ್ಟಿನಿಂದ ಮೊಣಕೈವರೆಗೆ ಸುದ್ದಿ ಜೋರಾಗಿಯೇ ಓಡುತ್ತಿತ್ತು. ಮೊಣಕೈ ದಾಟುವ ಗೇಣು ಜಾಗದಲ್ಲಿ ಮಾತ್ರ ಬಟವಾಡಿ ಸರ್ಕಲ್ಲಿಗೆ ಬಂದ ಬಸ್ಸಿನ ಹಾಗೆ ತೆವಳುತ್ತಿತ್ತು.

"ಮೇಷ್ಟ್ರೇ, ನಿಮಗೆ ನಾನೇನು ಹೇಳೋದು" ಎಂದರು ಡಾಕ್ಟರು. "ನರದ ಮೇಲಿನ ಹೊದಿಕೆ ಒತ್ತಿ ಒತ್ತಿ ಸವೆದಿದೆ. ಒಳಗಿನ ಎಳೆ ಚೆನ್ನಾಗಿದೆ. ಒತ್ತೋದು ನಿಲ್ಸಿದ್ರೆ ಹೊದಿಕೆ ಮತ್ತೆ ಬೆಳೆಯುತ್ತೆ, ಕೆಲವು ವಾರ ಬೇಕು. ಆದ್ರೆ ಒಂದು ಹೇಳಿ, ಯಾವುದಾದ್ರೂ ಗಟ್ಟಿ ಅಂಚಿನ ಮೇಲೆ ಮೊಣಕೈ ಊರ್ಕೊಂಡು ತುಂಬ ಹೊತ್ತು ಕೂರೋ ಅಭ್ಯಾಸ ಇದೆಯಾ? ಫೋನ್ ಗೀನ್ ನೋಡ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಪ್ರಭುದೇವ ಮೊಣಕೈ ಮುಟ್ಟಿ ನೋಡಿಕೊಂಡ. ಹೇಳಿಬಿಡಲೇ? ಹೌದು ಸ್ವಾಮಿ ಎಂದು ಒಂದು ಮಾತು. ಎಡಕ್ಕೆ ಹೆಂಡತಿ, ಬಲಕ್ಕೆ ತಾಯಿ. ಕೋಶದೊಳಗೆ ಸುದ್ದಿ ದಡದವರೆಗೆ ಓಡಿಬಂದು ನಿಂತಿತ್ತು. ಅಷ್ಟರಲ್ಲಿ ಅವ್ವನೇ ಬಾಯಿ ಹಾಕಿದಳು.

"ಫೋನೆಲ್ಲಿ ನೋಡ್ತಾನೆ ಬುಡಿ ಸ್ವಾಮಿ. ನನ್ ಮಗ ಲಿಂಗಪೂಜೆಗೆ ಕೂತ್ರೆ ಮುಕ್ಕಾಲು ಗಂಟೆ ಅಲ್ಲಾಡಲ್ಲ. ಪೆಟ್ಟಿಗೆ ಮೇಲೆ ಕೈ ಊರಿ, ಕೂತ ಕಡೆ ಕೂತ್ಬುಡ್ತಾನೆ. ಲೋಕ ಮರ್ತೋಯ್ತದೆ ಅವನ್ಗೆ."

"ಓ, ಹಾಗಾದ್ರೆ ಅದೇ" ಎಂದರು ಡಾಕ್ಟರು. ಅವರ ದನಿಯಲ್ಲಿ ಭಕ್ತಿ ಸೇರಿಕೊಂಡಿತು. "ಪೂಜೆ ಬಿಡೋದು ಬೇಡ. ಮೊಣಕೈ ಮಾತ್ರ ಊರ್ಬೇಡಿ ಸರ್." ಫೀಸು ಕೊಡಲು ಹೋದರೆ ಬೇಡವೆಂದು ಕೈ ಮುಗಿದರು. ದಾಕ್ಷಾಯಿಣಿಯ ಕಣ್ಣು ತೇವವಾಗಿತ್ತು. ಪ್ರಭುದೇವನಿಗೆ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತೆ ಆಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಗುಬ್ಬಿಯ ದಾರಿಯುದ್ದಕ್ಕೂ ಅವ್ವ ಹಿಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ ಮಾತಾಡಿದಳು. "ಲೋ ಮಾದೇವ, ಡಾಕ್ಟ್ರು ಏನಂದ್ರು ಗೊತ್ತೇನ್ಲಾ? ಪೂಜೆ ಮಾಡಿ ಮಾಡೀನೇ ನರ ಒತ್ತೈತಂತೆ. ಮಿಷಿನ್ನೇ ಹೇಳ್ತು ಕಣೋ! ಮುಂದ್ಗಡೆನೇ ಕೂರ್ಸು ಇವನ್ನ. ಹಿಂದ್ಕೆ ಕೂತ್ಕೋತೀನಿ ಅಂದ್ರೆ ಬುಡ್ಬೇಡ." ದಾರಿಯ ಎರಡೂ ಕಡೆ ತೆಂಗಿನ ತೋಟಗಳಿಗೆ ಸಂಜೆ ಬಿಸಿಲು ಬಿದ್ದಿತ್ತು, ಹೊಲದಲ್ಲಿ ರಾಗಿ ತೆನೆಯೊಡೆದಿತ್ತು, ಲೋಕವೆಲ್ಲ ಸುಖವಾಗಿತ್ತು. ಸ್ಟೀರಿಂಗ್ ಹಿಡಿದ ಪ್ರಭುದೇವ ಕನ್ನಡಿಯಲ್ಲಿ ಅವ್ವನನ್ನು ನೋಡಿದ. ಅವಳು ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು. ಅವನು ಕಣ್ಣು ರಸ್ತೆಗೆ ತಿರುಗಿಸಿದ. ಅಪ್ಪ ತೀರಿಕೊಂಡ ವರ್ಷ ಅವನಿಗೆ ಎಂಟೋ ಒಂಬತ್ತೋ. ಬೆಳಿಗ್ಗೆ ಅವ್ವ ಅವನ ಅಂಗೈ ಕೆಳಗೆ ತನ್ನ ಅಂಗೈ ಇಟ್ಟುಕೊಂಡು ಪೂಜೆ ಕಲಿಸುತ್ತಿದ್ದಳು. ಕೈ ಅಲ್ಲಾಡ್ಬಾರ್ದು ಕಣ್ ಮಗ, ಅದು ನಿನ್ನನ್ನ ನೋಡ್ತಾ ಐತೆ, ನೀನು ಅದನ್ನ ನೋಡ್ಬೇಕು. ಆಗ ಅದು ನಿಜವಾಗಿ ನೋಡುತ್ತದೆ ಎಂದೇ ನಂಬಿದ್ದ. ಮುಖ ತೊಳೆಯದೆ ಕೂತರೆ ಅದಕ್ಕೆ ಗೊತ್ತಾಗುತ್ತದೆ ಎಂದು ಹೆದರುತ್ತಿದ್ದ. ಆ ಹೆದರಿಕೆಯಲ್ಲಿ ಎಷ್ಟೊಂದು ಸಂತೋಷವಿತ್ತು ಎಂದು ಅವನಿಗೆ ಈಗ ನೆನಪಾಯಿತು. ಏನಾದರಾಗಲಿ, ಇವತ್ತು ಹೇಳಿಬಿಡಬೇಕು. ಸುಳ್ಳಿನ ಮೇಲೆ ಲಿಂಗ ಹಿಡಿದು ವೇದಿಕೆಯಲ್ಲಿ ಕೂರುವುದಿಲ್ಲ. ಜನ ನಕ್ಕರೆ ನಗಲಿ.

ಸಮುದಾಯ ಭವನದ ತುಂಬ ಚಾಪೆ ಹಾಸಿ ಜನ ಕೂತಿದ್ದರು. ಮಹಾದೇವಯ್ಯನವರು ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಗಾಯಗೊಂಡ ಯೋಧನನ್ನು ಕರೆದೊಯ್ಯುವಂತೆ ವೇದಿಕೆ ಹತ್ತಿಸಿದರು. ಅಕ್ಕ ಕರಿಬಸಮ್ಮನಿಗೂ ಪಕ್ಕದಲ್ಲೇ ಮಣೆ ಹಾಕಿಸಿದ್ದರು. ಮೈಕಿನಲ್ಲಿ, ಭಕ್ತಿಯಿಂದ ಕೈ ಮರಗಟ್ಟಿದವರನ್ನು ಪುರಾಣದಲ್ಲಿ ಕೇಳಿದ್ದೆವು, ಇವತ್ತು ನಮ್ಮ ಅಕ್ಕನ ಮಗನಲ್ಲಿ ನೋಡುತ್ತಿದ್ದೇವೆ ಎಂದರು. ಚಪ್ಪಾಳೆ. ಪ್ರಭುದೇವ ಮೈಕು ಇಸಿದುಕೊಂಡ.

"ಒಂದು ವಿಷಯ ಹೇಳ್ಬೇಕು" ಎಂದ. "ನನ್ ಕೈ ಮರಗಟ್ಟಿದ್ದು ಪೂಜೆಯಿಂದ ಅಲ್ಲ. ಎಡಗೈಲಿ ಲಿಂಗ ಇಟ್ಕೊಂಡು, ಬಲಗೈಲಿ ಫೋನ್ ನೋಡ್ತಿದ್ದೆ. ದಿನಾ. ಮುಕ್ಕಾಲು ಗಂಟೆ ಕೂರ್ತಿದ್ದದ್ದು ಅದಕ್ಕೇ."

ಮುಗಿಯಿತು, ದಾಟಿತು, ಎಂದುಕೊಂಡ ಪ್ರಭುದೇವ; ಎದೆಯಿಂದ ಒಂದು ಮೂಟೆ ಇಳಿದ ಹಾಗಾಯಿತು. ಮಹಾದೇವಯ್ಯನವರು ಮೆಲ್ಲಗೆ ಮೈಕು ತೆಗೆದುಕೊಂಡರು.

"ಕೇಳುದ್ರಾ?" ಎಂದರು. "ಫೋನ್ ನೋಡೋರು ಯಾರಪ್ಪ? ನಾವು! ಪೂಜೇಲಿ ಕೂತು ಬೆಲೆ ನೋಡೋರು ಯಾರು, ಕೊಬ್ಬರಿ ರೇಟ್ ನೋಡೋರು ಯಾರು? ನಾನೇ! ನಮ್ಮನ್ನ ಬೈದ್ರೆ ನೋವಾಯ್ತದೆ ಅಂತ, ತಪ್ಪನ್ನ ತನ್ ಮೇಲೆ ಹಾಕ್ಕೊಂಡು ಹೇಳ್ದ. ಇದು ಕಣ್ರಯ್ಯ ವಿನಯ ಅಂದ್ರೆ!"

ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ಕೈ ಮುಗಿದರು. ಕೆಲವರು ಕಳ್ಳರ ಹಾಗೆ ತಮ್ಮ ತಮ್ಮ ಜೇಬಿನಿಂದ ಫೋನು ತೆಗೆದು ಚಾಪೆಯ ಕೆಳಗೆ ತಳ್ಳಿದರು. ಹೆಂಗಸರ ಸಾಲಿನಲ್ಲಿ ದಾಕ್ಷಾಯಿಣಿ ಎಡಕ್ಕೂ ಬಲಕ್ಕೂ ತಿರುಗಿ ತಿರುಗಿ ಏನೋ ಹೇಳುತ್ತಿದ್ದಳು. ಬಹುಶಃ ಮನೆಯಲ್ಲೂ ಹೀಗೇ ಎಂದು. ಪ್ರಭುದೇವ ಬೆಪ್ಪನಂತೆ ನಿಂತ. ಇದ್ದಬದ್ದ ರಸವನ್ನೆಲ್ಲ ಸುರಿದಾಯಿತು, ಆಚೆ ದಡದಲ್ಲಿ ಅದಕ್ಕೆ ಒಂದೂ ಬೀಗವಿಲ್ಲ. ನಿಜ ಹೇಳಿದ್ದಕ್ಕೇ ಅವನು ಇನ್ನಷ್ಟು ದೊಡ್ಡ ಸುಳ್ಳಾಗಿಬಿಟ್ಟಿದ್ದ. ಅವನಿಗೆ ಅಳು ಬರಬೇಕಾಗಿತ್ತು, ಆದರೆ ಒಳಗೆಲ್ಲೋ ನಗುವಿನ ಗುಳ್ಳೆಯೊಂದು ಏಳುತ್ತಿತ್ತು. ಇನ್ನೇನು ಮಾಡುವುದು? ಮಣೆಯ ಮೇಲೆ ಕೂತ.

ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡ. ಅದು ಬಂದು ಕೂತಿತು, ಅರ್ಧ. ಊರಲು ಪೆಟ್ಟಿಗೆಯಿಲ್ಲ. ಕೈ ಎತ್ತಿದ ಸ್ವಲ್ಪ ಹೊತ್ತಿಗೇ ಆ ಎರಡು ಬೆರಳು ಬೆಳಿಗ್ಗೆಯಂತೆಯೇ ಬಾಗತೊಡಗಿದವು. ಪತ್ರೆ ನಡುಗಿತು. ಎಲ್ಲರ ಕಣ್ಣೂ ಅವನ ಅಂಗೈ ಮೇಲಿತ್ತು. ಆಗ ಅವನ ಬಲಗೈ, ಬೆಳಿಗ್ಗೆಯಂತೆಯೇ ಅವನನ್ನು ಕೇಳದೆ, ಬಂದು ಎಡಗೈಯ ಕೆಳಗೆ ಸೇರಿಕೊಂಡಿತು. ಎಡ ಅಂಗೈಗೆ ತಿಳಿಯದಿದ್ದ ಅರ್ಧದ ಭಾರವನ್ನು ಬಲ ಅಂಗೈ ಕೆಳಗಿನಿಂದ ತಿಳಿದುಕೊಂಡಿತು. ಅಲ್ಲಿಗೆ ಲಿಂಗ ಪೂರ್ತಿಯಾಯಿತು. ಹಿಂದೆ ಒಂದು ಕಾಲದಲ್ಲಿ ಹೀಗೇ ಅವನ ಕೈ ಕೆಳಗೆ ಇನ್ನೊಂದು ಕೈ ಇತ್ತು. ಅವನು ನೋಡಿದ. ನೋಡಬೇಕೆಂದು ನೋಡಿದ್ದಲ್ಲ, ಬೇರೇನೂ ನೋಡಲು ಇರಲಿಲ್ಲ. ಎರಡು ಕೈಯೂ ಕೆಲಸದಲ್ಲಿದ್ದವು. ಕಪ್ಪು ಮೈಮೇಲೆ ಭವನದ ದೀಪ ಸಣ್ಣ ಚುಕ್ಕೆಯಾಗಿ ನಿಂತಿತ್ತು. ಅದು ತನ್ನನ್ನು ನೋಡುತ್ತಿದೆ ಎಂಬ ಹಳೆಯ ಹೆದರಿಕೆ, ಎಲ್ಲೋ ಹೋಗಿದ್ದ ಹೆದರಿಕೆ, ತಿರುಗಿ ಬಂತು. ಅದರ ಹಿಂದೆಯೇ ಸಂತೋಷವೂ ಬಂತು. ಜನ ಓಂ ನಮಃ ಶಿವಾಯ ಎನ್ನುತ್ತಿದ್ದರು. ಅವನಿಗೆ ಹಾಯೆನಿಸಿತು. ಆಗ ಅವನ ಜುಬ್ಬಾದ ಜೇಬಿನಲ್ಲಿ ಫೋನು ಗುರ್ ಎಂದು ನಡುಗಿತು. ಒಮ್ಮೆ. ಮತ್ತೊಮ್ಮೆ. ಕಾಲೇಜಿನ ಗುಂಪು ಎದ್ದಿರಬೇಕು.

"ಫೋನು ಕಣ್ಲಾ" ಎಂದು ಪಕ್ಕದಿಂದ ಪಿಸುಮಾತು ಬಂತು. "ತಗೊಳಲ್ವಾ?"

ಅವನು ಓರೆಗಣ್ಣಿನಿಂದ ನೋಡಿದ. ಅವ್ವ ಬೆನ್ನು ನೇರ ಮಾಡಿ ಕೂತು ತನ್ನ ಅಂಗೈಯ ಲಿಂಗವನ್ನೇ ನೋಡುತ್ತಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಮಂತ್ರ ಹೇಳುವವರ ಹಾಗೆ.

"ಅವ್ವ?"

"ಮನೇಲಿ ತಗೋತಿದ್ದಲ್ಲ ಮಗ, ಅದಕ್ಕೇ ಕೇಳ್ದೆ."

ಪ್ರಭುದೇವನ ಕಿವಿಯವರೆಗೂ ಬಿಸಿ ಏರಿತು. "ನಿಂಗೆ ಗೊತ್ತಿತ್ತಾ? ಹೆಂಗೆ?"

"ಆ ಫೋಟೋ ಗಾಜು ನಿನ್ಗೊಬ್ಬನ್ಗೇ ಕಾಣ್ತದೇನ್ಲಾ? ನನ್ ತಲೆ ನಿನ್ಗೆ ಕಂಡ್ರೆ ನಿನ್ ಕೈ ನನ್ಗೆ ಕಾಣಲ್ವಾ? ಮಕ್ಳಿಗೆ ಪಾಠ ಬೇರೆ ಹೇಳ್ತೀಯ."

ಅವನ ಮೈಯೆಲ್ಲ ನಗುವಿಗೆ ಕುಲುಕಿತು. ಲಿಂಗ ಅಲ್ಲಾಡಿತು, ಕೆಳಗಿನ ಕೈ ಬಿಗಿಯಾಯಿತು. ಮುಂದಿನ ಸಾಲಿನ ಮುದುಕರು ಅದನ್ನು ಭಾವಪರವಶತೆ ಎಂದು ತಿಳಿದು ಮತ್ತೆ ಕೈ ಮುಗಿದರು.

"ಮತ್ತೆ ಯಾಕ್ ಹೇಳ್ಲಿಲ್ಲ? ಡಾಕ್ಟ್ರ ಹತ್ರ, ಮಾವನ ಹತ್ರ ಹಂಗೆಲ್ಲ ಹೊಗಳ್ದೆ?"

"ಹೇಳಿದ್ರೆ ನಾಚ್ಕೊಂಡು ಪೂಜೇನೇ ಬುಟ್ಬುಡ್ತಿದ್ದೆ. ಫೋನ್ ಸಾಕಾದ್ ದಿನ ನೋಡೋಕೆ ಅದು ಕೈಯಲ್ಲಾದ್ರೂ ಇರ್ಲಿ ಅಂತ ಸುಮ್ಕಾದೆ" ಎಂದಳು ಅವ್ವ. "ವೇದಿಕೆ ಮೇಲೆ ಹತ್ಸಿದ್ರೆ ಪೆಟ್ಟಿಗೆ ಇರಲ್ಲ, ಎರಡು ಕೈಯೂ ಬೇಕಾಯ್ತವೆ ಅಂತ ಕರ್ಕೊಂಡ್ ಬಂದೆ. ಈಗ ನೋಡು, ಮಾತಾಡ್ಬೇಡ."

ಜೇಬಿನಲ್ಲಿ ಫೋನು ಇನ್ನೊಮ್ಮೆ ನಡುಗಿ ಸುಮ್ಮನಾಯಿತು. ಪ್ರಭುದೇವ ನೋಡಿದ.